ಬೀಪ್ ಟೆಸ್ಟಿನ ನಡುವೆ ಹೊಳ್ಳಿ ಬಂದವಳು

ನಮ್ಮ ಕಾಲೇಜು ಮೈದಾನದ ಪಕ್ಕದ ಬಯಲಿನಲ್ಲಿ ಯಾರೋ ಉಳ್ಳಾಗಡ್ಡಿ ಹರವಿದ್ದಾರೆ. ಹೋದ ವಾರ ಒಂದು ನಸುಕಿನಲ್ಲಿ ನಾಲ್ಕು ಹನಿ ಮಳೆ ಬಿದ್ದು, ಆಮೇಲೆ ಚುರುಕು ಬಿಸಿಲು ಬಂತು. ತೊಯ್ದ ಸಿಪ್ಪೆ ಬಿಸಿಲಿಗೆ ಕಾಯುವಾಗ ಒಂದು ವಾಸನೆ ಬರುತ್ತದಲ್ಲ, ಅರ್ಧ ಸಿಹಿ, ಅರ್ಧ ಕಣ್ಣಿಗೆ ಚುಚ್ಚುವಂಥದ್ದು, ಅದು ಬೇಲಿ ದಾಟಿ ಬಂತು. ರೋಣದ ಈ ಕಾಲೇಜಿನಲ್ಲಿ ನಾನು ದೈಹಿಕ ಶಿಕ್ಷಣ ಕಲಿಸುವವಳು. ಹುಡುಗಿಯರ ರಗ್ಬಿ ತಂಡಕ್ಕೆ ಬೆಳಗಿನ ಕಸರತ್ತು ಮಾಡಿಸಲು ಕೋನ್ ಜೋಡಿಸುತ್ತಿದ್ದೆ. ಹಿಡಿದ ಕೋನ್ ಕೈಯಲ್ಲೇ ಉಳಿಯಿತು.

"ಏನಾತ್ರಿ ಮೇಡಂ?" ಅಂದರು ಹುಡುಗಿಯರು. ಏನಿಲ್ಲ ಅಂದೆ. ಏನಿಲ್ಲದೆ ಏನು! ಅಕ್ಕ ನೆನಪಾಗಿದ್ದಳು. ಅಕ್ಕನ ಜೊತೆಗೆ ಅವತ್ತಿನ ಸಿಟ್ಟೂ ಬಂದಿತ್ತು. ಎಷ್ಟು ವರ್ಷವಾದರೂ ಆರದ ಸಿಟ್ಟು ಅದು, ಆರಬೇಕೆಂಬ ಆಸೆಯೂ ನನಗಿಲ್ಲ.

ಅಕ್ಕ ಎಂದರೆ ನನ್ನ ಒಡಹುಟ್ಟಿದವಳಲ್ಲ. ಗಜೇಂದ್ರಗಡದಲ್ಲಿ ಓದುವಾಗ ನಮ್ಮ ತಂಡದ ಎಲ್ಲರಿಗೂ ಅವಳು ಅಕ್ಕ. ಪುರ್ತಗೇರಿಯವಳು, ಕಾಲೇಜಿನಲ್ಲಿ ನನಗಿಂತ ಒಂದು ವರ್ಷ ಮುಂದೆ. ರವಿವಾರ ಬಂದರೆ ತಾಯಿಯ ಜೊತೆ ಉಳ್ಳಾಗಡ್ಡಿ ಹೊಲಕ್ಕೆ ಕಸ ತೆಗೆಯಲು ಹೋಗುವಳು, ಸುಗ್ಗಿಯಲ್ಲಿ ಗಡ್ಡೆ ಕೊಯ್ಯಲು ಹೋಗುವಳು. ಸೋಮವಾರ ಅಭ್ಯಾಸಕ್ಕೆ ಬಂದಾಗ ಎಷ್ಟು ಸಾಬೂನು ಹಚ್ಚಿ ತೊಳೆದಿದ್ದರೂ ಮೈಯಿಂದ ಆ ವಾಸನೆ ಹೋಗಿರುತ್ತಿರಲಿಲ್ಲ. ಅದು ನನಗೆ ಗೊತ್ತಿದ್ದಷ್ಟು ಬೇರೆಯವರಿಗೆ ಗೊತ್ತಿರಲಿಕ್ಕಿಲ್ಲ, ಯಾಕೆಂದರೆ ಸ್ಕ್ರಮ್‌ನಲ್ಲಿ ನನ್ನ ತಲೆ ಅವಳ ಹೆಗಲಿಗೆ ಅಂಟಿಕೊಂಡೇ ಇರುತ್ತಿತ್ತು.

ರಗ್ಬಿ ನೋಡದವರಿಗಾಗಿ ಇಷ್ಟು ಹೇಳುತ್ತೇನೆ. ಸ್ಕ್ರಮ್ ಎಂದರೆ ಎರಡೂ ತಂಡದ ಗಟ್ಟಿ ಆಟಗಾರ್ತಿಯರು ತೋಳಿಗೆ ತೋಳು ಹೆಣೆದು, ತಲೆ ತಗ್ಗಿಸಿ, ಎದುರಿನವರ ಹೆಗಲಿಗೆ ಹೆಗಲು ಕೊಟ್ಟು ದಬ್ಬುವುದು. ಮುಂದಿನ ಸಾಲಿನ ನಟ್ಟನಡುವೆ ನಿಂತವಳ ಎರಡು ಕೈಯೂ ಪಕ್ಕದವರ ಬೆನ್ನ ಮೇಲಿರುತ್ತವೆ. ಬಿದ್ದರೆ ನೆಲಕ್ಕೆ ಊರಲು ಅವಳಿಗೆ ಕೈ ಇಲ್ಲ. ಆ ನಡುವಿನವಳು ನಾನು, ಪಕ್ಕದವಳು ಅಕ್ಕ. ಅವಳು ಕುಸಿದರೆ ನನ್ನ ಕುತ್ತಿಗೆಯ ಕಥೆ ಮುಗಿದಂತೆ. ನಾವು ಜೊತೆಗೆ ಆಡಿದಷ್ಟು ದಿನ ಅವಳು ಒಂದು ಸಲವೂ ಕುಸಿಯಲಿಲ್ಲ.

ನಮ್ಮ ಸರ್ ಎಲ್ಲಿಯೋ ತರಬೇತಿಗೆ ಹೋದವರು ಬರುವಾಗ ಒಂದು ಉದ್ದನೆಯ ಚೆಂಡು ತಂದಿದ್ದರು. ಕಬಡ್ಡಿ, ಖೋಖೋ ಆಡುವ ಹುಡುಗಿಯರನ್ನೆಲ್ಲ ಹಿಡಿದು ತಂದು, "ಇನ್ನಮ್ಯಾಲ ಇದನ್ನ ಆಡ್ರಿ" ಅಂದರು. ಊರವರಿಗೆ ಅದು ಕುಂಬಳಕಾಯಿ ಆಟ. ಮೈದಾನದ ಕಟ್ಟೆಯ ಮೇಲೆ ಕೂಡುತ್ತಿದ್ದ ಮುದುಕರೊಬ್ಬರು ದಿನಾ ಕೇಳುತ್ತಿದ್ದರು, "ಏನವಾ, ಇನ್ನಾ ಒಡೀಲಿಲ್ಲೇನು ಕುಂಬಳಕಾಯಿ?" ಅಕ್ಕ ಓಡುತ್ತಲೇ ಕೂಗುವಳು, "ಒಡದ್ರ ನಿಮ್ಮ ಮನಿಗೇ ಕಳಸ್ತೀವಿ, ಪಲ್ಯಾ ಮಾಡ್ಸ್ರಿ ಅಜ್ಜಾರ!"

ಸಾಮಾನು ಎಂಬುದು ನಮ್ಮಲ್ಲಿ ಏನೂ ಇರಲಿಲ್ಲ. ಗೋಣಿಚೀಲಕ್ಕೆ ಶೇಂಗಾ ಹೊಟ್ಟು ತುಂಬಿ ಹೊಲಿದು, ಅದನ್ನು ನಿಲ್ಲಿಸಿ ಟ್ಯಾಕಲ್ ಕಲಿತೆವು. ಸ್ಕ್ರಮ್ ದಬ್ಬಲು ಒಂದು ಹಳೆಯ ಚಕ್ಕಡಿ ಇತ್ತು. ಅದರ ಮೇಲೆ ಸರ್ ಹತ್ತಿ ನಿಂತು "ದಬ್ಬ್ರಿ, ಇನ್ನೂ ದಬ್ಬ್ರಿ!" ಅನ್ನುವರು. ಎರೆಮಣ್ಣಿನಲ್ಲಿ ಗಾಲಿ ಹೂತರೆ ನಮ್ಮ ಕಣ್ಣು ಮೇಲೆ ಹೋಗುತ್ತಿದ್ದವು. ಸೀಟಿ ಊದಿದರೆ ಎದೆ ನೆಲಕ್ಕೆ, ಮತ್ತೆ ಊದಿದರೆ ಎದ್ದು ಓಟ. ಅದು ಮುಗಿದರೆ ಗುಡ್ಡದ ಮೆಟ್ಟಿಲು, ಅದೂ ಒಬ್ಬಳನ್ನು ಹೆಗಲ ಮೇಲೆ ಹೊತ್ತುಕೊಂಡು. ಅಕ್ಕ ನನ್ನನ್ನು ಹೊತ್ತು ಹತ್ತುವಾಗ ಮಾತಾಡುತ್ತಲೇ ಇರುತ್ತಿದ್ದಳು. ನಾನು ಅವಳನ್ನು ಹೊರುವ ಸರದಿ ಬಂದಾಗ ದೇವರ ಹೆಸರು ಹೇಳಲೂ ನನಗೆ ಉಸಿರು ಉಳಿಯುತ್ತಿರಲಿಲ್ಲ.

ಒಂದು ಸೂಟಿಯಲ್ಲಿ ನಾನೂ ಅವಳ ಜೊತೆ ಕಸ ತೆಗೆಯಲು ಹೋಗಿದ್ದೆ. ನಾನು ರಾಜೂರಿನವಳಾದರೂ ಅಪ್ಪ ಬಟ್ಟೆ ಹೊಲಿಯುವವರು, ಹೊಲದ ಕೆಲಸ ನನಗೆ ಬರುತ್ತಿರಲಿಲ್ಲ. ಒಬ್ಬೊಬ್ಬರು ಒಂದೊಂದು ಸಾಲು ಹಿಡಿದು, ಕಳೆ ಕೀಳುವ ಕುರ್ಚಿಗಿಯಿಂದ ಕಸ ತೆಗೆಯುತ್ತ ಹೋಗಬೇಕು. ಎಲ್ಲರೂ ಸರಸರ ಮುಂದೆ ಹೋದರು, ನಾನು ನಡುಹೊಲದಲ್ಲಿ ಒಬ್ಬಳೇ ಉಳಿದೆ. ನಾಚಿಕೆಯಿಂದ ತಲೆ ಎತ್ತದೆ ಕೂತಿದ್ದಾಗ ನನ್ನ ಸಾಲಿನ ಆ ತುದಿಯಿಂದ ಕುರ್ಚಿಗಿಯ ಸಪ್ಪಳ ಕೇಳಿಸಿತು. ಬದು ಮುಟ್ಟಿದ ಅಕ್ಕ ಹಿಂದಕ್ಕೆ ಹೊಳ್ಳಿ ನನ್ನ ಸಾಲನ್ನು ಎದುರಿನಿಂದ ಹಿಡಿದಿದ್ದಳು. ನೀರಿನ ಕೊಡ ಬದುವಿನ ಮೇಲೇ ಇತ್ತು, ಒಬ್ಬರೂ ಮುಟ್ಟಿರಲಿಲ್ಲ.

"ನೀವ್ಯಾಕ ಕುಡೀಲಿಲ್ಲ?" ಅಂದೆ.

"ಒಬ್ಬಾಕಿನ್ನ ಸಾಲಿನ್ಯಾಗ ಬಿಟ್ಟು ನೀರ ಕುಡಿಯೂದು ನಮ್ಮಲ್ಲಿಲ್ಲ," ಅಂದಳು, ಅದೇನು ದೊಡ್ಡ ಸಂಗತಿ ಎಂಬಂತೆ. ಅದಕ್ಕೆ ನಾನು ಕೃತಜ್ಞತೆ ಹೇಳಹೋದರೆ ಅಲ್ಲಿದ್ದ ಹೆಂಗಸರೆಲ್ಲ ನಗಾಡಿದರು.

ಅಕ್ಕನಿಗೆ ಒಂದೇ ಆಸೆ. ದೈಹಿಕ ಶಿಕ್ಷಕಿ ಆಗಬೇಕು. "ನಮ್ಮ ಸಾಲಿ ಹುಡುಗ್ಯಾರಿಗೆ ಆಟಾ ಕಲಿಸ್ಬೇಕಲೇ ಖೋಡಿ," ಅನ್ನುತ್ತಿದ್ದಳು. ಖೋಡಿ ಎಂದರೆ ನಾನು, ಅದು ಅವಳ ಅಕ್ಕರೆಯ ಬೈಗುಳ. ಮನೆಯಲ್ಲಿ ಇದಕ್ಕೆ ಒಂದು ಮಾತಾಗಿತ್ತು. ರಾಜ್ಯದ ಶಿಬಿರಕ್ಕೆ ಆರಿಸಿದರೆ ಕ್ರೀಡಾ ಹಾಸ್ಟೆಲ್ಲಿನಲ್ಲಿ ಜಾಗ ಸಿಗುತ್ತದೆ, ಡಿಗ್ರಿ ಮುಗಿದ ಮೇಲೂ ಅಲ್ಲಿಯೇ ಇದ್ದು ಶಿಕ್ಷಕರ ತರಬೇತಿ ಓದಬಹುದು. ಆರಿಸದಿದ್ದರೆ ಡಿಗ್ರಿಗೆ ಸಾಕು, ಮನೆಗೆ ಬರಬೇಕು. ಅವಳಪ್ಪ ಕೆಟ್ಟವರೇನೂ ಅಲ್ಲ. "ಆರಿಸಿ ಬಾ, ನಾನ ಬಂದು ಬಿಟ್ಟು ಬರ್ತೇನಿ" ಎಂದು ಎಲ್ಲರ ಮುಂದೆ ಹೇಳಿದ್ದರು. ಹೀಗಾಗಿ ಶಿಬಿರಕ್ಕೆ ಆರಿಸುವ ಒಂದು ದಿನದ ಫಿಟ್‌ನೆಸ್ ಟೆಸ್ಟಿನ ಮೇಲೆ ಅವಳ ಬದುಕೆಲ್ಲ ನಿಂತಿತ್ತು.

ಆಯ್ಕೆ ನಡೆದದ್ದು ನರಗುಂದದ ಒಂದು ಮೈದಾನದಲ್ಲಿ. ಟೆಸ್ಟ್ ತೆಗೆದುಕೊಳ್ಳಲು ಬಂದ ಸಾಹೇಬರು ಬೇರೆ ನಾಡಿನವರಾಗಿದ್ದರೆ ಇಷ್ಟು ಉರಿಯುತ್ತಿರಲಿಲ್ಲ ನನಗೆ. ನಮ್ಮ ಕಡೆಯವರೇ, ನಮ್ಮ ಮಾತೇ ಆಡುವವರು. ಅವರಿಗೆ ಈಗಲೂ ಯಾಕೆ ಬಹುವಚನ ಹಚ್ಚುತ್ತೇನೋ! ರೂಢಿ, ಅಷ್ಟೇ.

ಮೊದಲು ತೂಕ. ತೂಕದ ಯಂತ್ರವನ್ನು ಮೈದಾನದ ನಡುವೆ ಇಟ್ಟಿದ್ದರು, ಹುಡುಗರ ತಂಡವೂ ಅಲ್ಲೇ ಸಾಲಾಗಿ ನಿಂತಿತ್ತು. ಒಬ್ಬೊಬ್ಬಳು ಹತ್ತಿದಾಗಲೂ ಸಾಹೇಬರು ತೂಕವನ್ನು ಗಟ್ಟಿಯಾಗಿ ಓದುವರು. ಅಕ್ಕ ಹತ್ತಿದಳು. ಅವರು ಯಂತ್ರ ನೋಡಿದರು, ಅವಳನ್ನು ಮೇಲಿಂದ ಕೆಳಗೆ ನೋಡಿದರು. "ಏನವಾ, ಆಟಕ್ಕ ಬಂದಿಯೋ, ಊಟಕ್ಕ ಬಂದಿಯೋ?" ಅಂದರು. ಹುಡುಗರು ಹೋ ಎಂದು ನಕ್ಕರು. ಅಕ್ಕನೂ ನಕ್ಕಳು... ಹುಡುಗರ ನಗುವನ್ನು ಮರೆತೇನು, ಅವಳ ಆ ನಗುವನ್ನು ಮರೆಯಲಾರೆ.

ಅಲ್ಲರೀ, ರಗ್ಬಿಯ ಅನ್ನ ತಿಂದವರಿಗೆ ಇಷ್ಟೂ ತಿಳಿಯಬಾರದೆ? ಮುಂದಿನ ಸಾಲಿನಲ್ಲಿ ದಬ್ಬುವವಳಿಗೆ ತೂಕ ಬೇಕು. ಆ ತೂಕವೇ ನನ್ನಂಥವಳ ಕುತ್ತಿಗೆ ಕಾಯುವುದು. ಚೆಂಡು ಹಿಡಿದು ಗಾಳಿಯಂತೆ ಓಡುವವಳಿಗೂ, ಎದುರಿನವರ ಭಾರವನ್ನೆಲ್ಲ ಹೆಗಲ ಮೇಲೆ ತಡೆಯುವವಳಿಗೂ ಒಂದೇ ಅಳತೆ ಹಿಡಿಯುವುದುಂಟೆ? ಬುದ್ಧಿ ಇದ್ದವರು ಜಾಗಕ್ಕೆ ತಕ್ಕಂತೆ ಮಟ್ಟ ಇಡುತ್ತಾರೆ. ಇವರು ಎಲ್ಲರಿಗೂ ಒಂದೇ ಗೆರೆ ಎಳೆದಿದ್ದರು. ಆದರೂ ಹೇಳುತ್ತೇನೆ ಕೇಳಿ, ಆ ಗೆರೆಯನ್ನೂ ಅಕ್ಕ ದಾಟುತ್ತಿದ್ದಳು. ಗುಡ್ಡದ ಮೆಟ್ಟಿಲು ಅವಳಿಗೆ ಅಷ್ಟು ದಮ್ಮು ಕೊಟ್ಟಿತ್ತು.

ಕೊನೆಗೆ ಬೀಪ್ ಟೆಸ್ಟ್. ಇಪ್ಪತ್ತು ಮೀಟರ್ ಅಂತರದಲ್ಲಿ ಎರಡು ಗೆರೆ. ಡಬ್ಬಿಯಿಂದ ಬೀಪ್ ಎಂದು ಸದ್ದು ಬರುತ್ತದೆ, ಮುಂದಿನ ಸದ್ದಿನೊಳಗೆ ಆಚೆಯ ಗೆರೆ ಮುಟ್ಟಬೇಕು, ಸದ್ದು ಬಂದಾಗ ಕಾಲು ಗೆರೆಯ ಮೇಲಿರಬೇಕು, ಮತ್ತೆ ಈಚೆ ಬರಬೇಕು. ಹೋಗಹೋಗುತ್ತ ಸದ್ದು ಲಗೂ ಲಗೂ ಬರುತ್ತದೆ. ಬೆನ್ನುಬೆನ್ನಿಗೆ ಎರಡು ಸಲ ತಪ್ಪಿದರೆ ಔಟ್. ನಾವೆಲ್ಲ ಒಂದೇ ಸಾಲಿನಲ್ಲಿ ನಿಂತು ಓಡತೊಡಗಿದೆವು. ನನ್ನ ಪಕ್ಕದಲ್ಲಿ ಅಕ್ಕ.

ಅರ್ಧಕ್ಕಿಂತ ಹೆಚ್ಚು ಆಗಿತ್ತು, ನನ್ನ ಪಕ್ಕೆಯಲ್ಲಿ ಚಳಕು ಹಿಡಿಯಿತು. ಕತ್ತರಿಸಿದಂಥ ನೋವು. ಒಂದು ಓಟದಲ್ಲಿ ನಾನು ಹಿಂದೆ ಬಿದ್ದೆ. ಅಕ್ಕ ಆಗಲೇ ಗೆರೆ ಮುಟ್ಟಿದ್ದಳು. ಮುಟ್ಟಿದವಳು ಸದ್ದು ಬರುವವರೆಗೆ ಅಲ್ಲೇ ನಿಂತು ಉಸಿರು ತೆಗೆದುಕೊಳ್ಳಬೇಕು, ಎಲ್ಲರೂ ಮಾಡುವುದು ಅದನ್ನೇ. ಅವಳು ತಿರುಗಿ ನೋಡಿದಳು, ನಾನು ನಡುವೆ ಉಳಿದದ್ದು ಕಂಡಿತು, ಹೊಳ್ಳಿ ಬಂದಳು. ಬಂದು ನನ್ನ ಬೆನ್ನಿಗೆ ಕೈ ಹಚ್ಚಿ ದಬ್ಬಿದಳು. ಸದ್ದು ಬಂದಾಗ ನನ್ನ ಕಾಲು ಗೆರೆಯ ಮೇಲಿತ್ತು, ಅವಳ ಕಾಲು ಒಂದು ಹೆಜ್ಜೆ ಹಿಂದಿತ್ತು.

"ಏ ಪುರ್ತಗೇರಿ, ಒಂದ ಆತು!" ಎಂದು ಸಾಹೇಬರು ಬೆರಳೆತ್ತಿದರು.

"ನೀ ಓಡ ಅಕ್ಕಾ, ನನ್ನ ಬಿಡು," ಅಂದೆ. ಕೇಳಿದರೆ ತಾನೆ! ಮರು ಓಟಕ್ಕೆ ನನ್ನ ಹಿಂದೆಯೇ ಹೊರಟಳು, ಬೆನ್ನ ಮೇಲಿನ ಕೈ ತೆಗೆಯಲಿಲ್ಲ. ಗೆರೆಯ ಹತ್ತಿರ ಬಂದಾಗ ಒಂದೇ ಏಟು ದಬ್ಬಿದಳು. ನಾನು ಗೆರೆ ದಾಟಿ ಮುಗ್ಗರಿಸಿದೆ. ಬೀಪ್ ಅಂದಿತು. ಅವಳು ಮತ್ತೆ ಒಂದು ಹೆಜ್ಜೆ ಹಿಂದೆ.

"ಎರಡ. ಔಟ್. ಬಾಜೂಕ ಹೋಗು."

ಪಕ್ಕಕ್ಕೆ ಹೋದವಳು ಅಲ್ಲಿಂದಲೇ ಕೂಗಿದಳು, "ನಿಂದ್ರಬ್ಯಾಡಲೇ, ಹೋಗು! ಉಸರ ಬಿಟ್ಟು ಓಡು!" ಚಳಕು ಬಿಟ್ಟಿತು. ನಾನು ಓಡಿದೆ, ಅವರು ಇಟ್ಟ ಮಟ್ಟ ಮುಟ್ಟುವವರೆಗೂ ಓಡಿ ಮುಗಿಸಿದೆ. ಮುಗಿದ ಕೂಡಲೆ ನೀರೂ ಕುಡಿಯದೆ ಸಾಹೇಬರ ಮುಂದೆ ಹೋಗಿ ನಿಂತೆ. "ಅಕ್ಕ ಗೆರಿ ಮುಟ್ಟಿದ್ಲ್ರೀ, ನನ್ನ ಸಲುವಾಗಿ ಹೊಳ್ಳಿ ಬಂದಾಳ. ನೀವ ನೋಡೀರಿ," ಅಂದೆ.

"ನೋಡೇನಿ," ಅಂದರು. ನೋಡಿದ್ದಾರಂತೆ! "ಒಬ್ಬರಿಗೊಬ್ರು ಕೈ ಹಚ್ಚಬಾರ್ದು ಅಂತ ರೂಲ್ ಐತಿ. ಹಂಗ ನೋಡಿದ್ರ ನಿನ್ನ ಹೆಸರೂ ಹೊಡೀಬೇಕು. ಹೊಡೀಲೇನು?"

"ಹೊಡೀರಿ," ಅಂದೆ.

ಅಷ್ಟರಲ್ಲಿ ಅಕ್ಕ ಬಂದು ನನ್ನ ರಟ್ಟೆ ಹಿಡಿದು ಎಳೆದುಕೊಂಡು ಹೋದಳು. "ಹುಚ್ಚು ಹಿಡದೈತೇನು? ಇಬ್ರೂ ಮನಿಗೆ ಹೋಗಿ ಏನ್ ಉಪ್ಪಿನಕಾಯಿ ಹಾಕೂದೈತಿ?" ಎಂದು ಬೈದಳು. ಕಣ್ಣು ಕೆಂಪಾಗಿದ್ದವು, ಅತ್ತಿರಲಿಲ್ಲ.

ನಮ್ಮ ಸರ್ ಕೈ ಮುಗಿದು ಕೇಳಿಕೊಂಡರು, "ಆಕಿ ಈಗಿಂದೀಗ ಮತ್ತ ಓಡ್ತಾಳ್ರಿ ಸಾಹೇಬ್ರ. ಒಬ್ಬಾಕಿನ್ನ ಓಡಸ್ರಿ, ನೋಡ್ರಿ." ಹತ್ತು ನಿಮಿಷದ ಮಾತು ಅದು. ಸಾಹೇಬರಿಗೆ ಚಹಾದ ಹೊತ್ತಾಗಿತ್ತು, ಗಾಡಿ ಬಂದಿತ್ತು. "ಆಕಿ ಫಿಟ್ ಇಲ್ರಿ ಮಾಸ್ತರ, ತೂಕಾ ನೋಡೀರಿಲ್ಲ?" ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಎದ್ದರು. ಸಹಾಯ ಮಾಡಿದ್ದು ತಪ್ಪು ಎಂದಾದರೂ ಹೇಳಿದ್ದರೆ ಅದು ಬೇರೆ. ಹೇಳಿದ್ದು ಫಿಟ್ ಇಲ್ಲ ಎಂದು. ಚಕ್ಕಡಿ ದಬ್ಬಿದವಳು, ನನ್ನನ್ನು ಹೊತ್ತು ಗುಡ್ಡ ಹತ್ತಿದವಳು ಫಿಟ್ ಇಲ್ಲ! ಥೂ.

ಬಸ್ಸಿನಲ್ಲಿ ಬರುವಾಗ ಅವಳು ಕಿಟಕಿಗೆ ತಲೆ ಹಚ್ಚಿ ನಿದ್ದೆ ಮಾಡಿದಂತೆ ಕೂತಿದ್ದಳು. ನಿದ್ದೆ ಮಾಡಿರಲಿಕ್ಕಿಲ್ಲ... ಗಜೇಂದ್ರಗಡದ ಗುಡ್ಡದ ಮೇಲಿನ ಗಾಳಿ ಫ್ಯಾನುಗಳು ಕಂಡ ಮೇಲೆಯೇ ತಲೆ ಎತ್ತಿದಳು. ಇಳಿದ ಮೇಲೆ ತನ್ನ ಮೊಣಕಾಲಿನ ಪಟ್ಟಿ ಬಿಚ್ಚಿ ನನ್ನ ಕೈಗೆ ಕೊಟ್ಟಳು. "ಶಿಬಿರದಾಗ ಬೇಕಾಗ್ತೈತಿ, ಇಟ್ಕೋ," ಅಂದಳು.

ರಾಜ್ಯದ ಶಿಬಿರಕ್ಕೆ ನಾನು ಹೋದೆ. ಸ್ಕ್ರಮ್‌ನಲ್ಲಿ ನನ್ನ ಪಕ್ಕಕ್ಕೆ ಓಟದಲ್ಲಿ ಮುಂದಿದ್ದ ಒಬ್ಬ ತೆಳ್ಳನೆಯ ಹುಡುಗಿಯನ್ನು ನಿಲ್ಲಿಸಿದರು. ಪಾಪ, ಅವಳದೇನು ತಪ್ಪು? ಮೊದಲ ಪಂದ್ಯದಲ್ಲೇ ಸ್ಕ್ರಮ್ ಕುಸಿಯಿತು. ನನ್ನ ಕುತ್ತಿಗೆ ಉಳುಕಿ ದವಾಖಾನಿಯಲ್ಲಿ ಮಲಗಿದೆ. ಚಳಿಗಾಲದಲ್ಲಿ ಈಗಲೂ ಎಡಕ್ಕೆ ಹೊರಳಿದರೆ ಹಿಡಿದುಕೊಳ್ಳುತ್ತದೆ. ಆ ಹಾಸ್ಟೆಲ್ಲಿನಲ್ಲಿ ಇದ್ದುಕೊಂಡೇ ನಾನು ಓದಿದೆ, ಶಿಕ್ಷಕಿಯಾದೆ. ಅಕ್ಕ ಡಿಗ್ರಿ ಮುಗಿಸಿ ಮನೆಗೆ ಹೋದಳು. ಆಮೇಲೆ ಮದುವೆಯಾಗಿ ಇಟಗಿಗೆ ಹೋದಳು ಎಂದು ಕೇಳಿದೆ. ಮೊದಮೊದಲು ಫೋನು ಇತ್ತು, ಬರಬರುತ್ತ ಅದೂ ನಿಂತಿತು...

ಹೋದ ತಿಂಗಳು ಆಟಗಾರ್ತಿಯರ ಆಯ್ಕೆಯ ಸಭೆಗೆ ನನ್ನನ್ನೂ ಕರೆದಿದ್ದರು. ವೇದಿಕೆಯ ಮೇಲೆ ಅದೇ ಸಾಹೇಬರು. ತಲೆ ಬೆಳ್ಳಗಾಗಿದೆ, ಹೊಟ್ಟೆ ಬಂದಿದೆ. ಊಟಕ್ಕೆ ಬಂದವರು ಯಾರು ಎಂದು ಕೇಳಬೇಕೆನಿಸಿತು. ಭಾಷಣ ಮಾಡಿದರು. ರಗ್ಬಿ ಎಂದರೆ ಒಬ್ಬರಿಗಾಗಿ ಎಲ್ಲರೂ ನಿಲ್ಲುವುದಂತೆ, ಹಿಂದೆ ಬಿದ್ದ ಗೆಳತಿಯನ್ನು ಕೈ ಹಿಡಿದು ಕರೆತರುವುದಂತೆ. ಸಭೆಯವರು ಚಪ್ಪಾಳೆ ತಟ್ಟಿದರು. ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು, ನರಗುಂದದ ಮೈದಾನದಲ್ಲಿ ಹಾಗೆ ಕರೆತಂದವಳಿಗೆ ನೀವು ಏನು ಮಾಡಿದಿರಿ ಎಂದು ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಅವರು ಕನ್ನಡಕ ಸರಿಮಾಡಿಕೊಂಡು ನನ್ನನ್ನು ನೋಡಿದರು.

"ಯಾವ ಹುಡುಗಿರಿ? ನನಗ ನೆನಪಿಲ್ಲ," ಅಂದರು.

ಸುಳ್ಳು ಹೇಳಲಿಲ್ಲ ಅವರು. ಮುಖ ನೋಡಿದರೆ ತಿಳಿಯುತ್ತಿತ್ತು, ಖರೇ ನೆನಪಿರಲಿಲ್ಲ. ಒಬ್ಬಳ ಬದುಕಿನ ದಾರಿ ತಿರುಗಿಸಿಟ್ಟು, ಚಹಾ ಕುಡಿದು, ಮರೆತುಬಿಟ್ಟಿದ್ದರು. ಸುಳ್ಳಾದರೂ ಹೇಳಿದ್ದರೆ ಜಗಳ ಮಾಡುತ್ತಿದ್ದೆ. ಮರೆತವರ ಜೊತೆ ಯಾರು ಜಗಳ ಮಾಡಬೇಕು?

ಆ ಸಿಟ್ಟು ಎಡೆಬಿಡದೆ ಕೊರೆಯುತ್ತಿರುವಾಗಲೇ ಮೈದಾನಕ್ಕೆ ಉಳ್ಳಾಗಡ್ಡಿಯ ವಾಸನೆ ಬಂದದ್ದು. ಮೊನ್ನೆ ರವಿವಾರ ಇಟಗಿಯ ಬಸ್ಸು ಹತ್ತಿದೆ. ಅಮಾವಾಸ್ಯೆ ಅಲ್ಲದ್ದರಿಂದ ಭೀಮಾಂಬಿಕಾ ಗುಡಿಗೆ ಹೋಗುವವರ ಗದ್ದಲ ಇರಲಿಲ್ಲ. ಮನೆ ಕೇಳುತ್ತ ಹೋದೆ. ಅಂಗಳದಲ್ಲಿ ಒಂದು ಟೆಂಪೊ ನಿಂತಿತ್ತು. ಒಬ್ಬ ಹೆಂಗಸು ಸೆರಗು ಸೊಂಟಕ್ಕೆ ಸಿಕ್ಕಿಸಿ, ತುಂಬಿದ ಶೇಂಗಾ ಚೀಲವನ್ನು ಬೆನ್ನಿಗೇರಿಸಿ ಒಬ್ಬಳೇ ಒಯ್ದು ಟೆಂಪೊಕ್ಕೆ ಎತ್ತಿ ಹಾಕುತ್ತಿದ್ದಳು. ಬೆನ್ನು ನೆಟ್ಟಗೆ, ಮೊಣಕಾಲು ಸರಿಯಾಗಿ ಬಾಗಿ, ಭಾರವೆಲ್ಲ ತೊಡೆಯ ಮೇಲೆ. ಮುಖ ನೋಡುವ ಮೊದಲೇ ಗುರುತು ಹಿಡಿದೆ.

"ಅಯ್ಯ, ಖೋಡಿ ಬಂದ್ಲಲ್ಲ!" ಎಂದು ಚೀಲ ಬಿಟ್ಟು ಓಡಿ ಬಂದಳು.

ರೊಟ್ಟಿ, ಬದನೆಕಾಯಿ ಪಲ್ಯ, ಗಟ್ಟಿ ಮೊಸರು ಎಲ್ಲ ಆಯಿತು. ಮಕ್ಕಳನ್ನು ಕರೆದು ತೋರಿಸಿದಳು. ಗಂಡ ಒಳ್ಳೆಯವನು, ನನ್ನನ್ನು ಕೂಡಿಸಿ ಮಾತಾಡಿಸಿದ. ಅವನ ಮುಂದೆಯೇ ಕೇಳಿದೆ, "ಅಕ್ಕಾ, ನಮ್ಮ ಹುಡುಗ್ಯಾರಿಗೆ ಸ್ಕ್ರಮ್ ಕಲಿಸಾಕ ಬಾ. ರವಿವಾರಕ್ಕೊಮ್ಮಿ ಬಂದ್ರ ಸಾಕು. ನಿನ್ನಂಗ ಹೇಳಾವ್ರು ನನಗ ಯಾರೂ ಸಿಕ್ಕಿಲ್ಲ."

"ಹೋಗಿ ಬಾ ನೀನು, ಮನ್ಯಾಗ ನಾ ಇರ್ತೇನಿ," ಎಂದ ಗಂಡ. ಅಕ್ಕ ತಲೆ ಅಲ್ಲಾಡಿಸಿದಳು.

"ಬ್ಯಾಡವ್ವಾ. ನಾ ಫಿಟ್ ಇಲ್ಲ. ಟೆಸ್ಟಿನ್ಯಾಗ ಫೇಲ್ ಆದಾಕಿ, ಇನ್ನೊಬ್ಬರಿಗೆ ಏನ ಕಲಸ್ಲಿ?"

ಆಗತಾನೆ ಅಷ್ಟು ಚೀಲ ಎತ್ತಿ ಹಾಕಿದವಳ ಬಾಯಲ್ಲಿ ಈ ಮಾತು! ನನ್ನ ಮೈಯೆಲ್ಲ ಉರಿಯಿತು. "ನೀ ಎಲ್ಲಿ ಫೇಲ್ ಆಗಿದ್ದಿ ಅಕ್ಕಾ? ನೀ ಗೆರಿ ಮುಟ್ಟಿದ್ದಿ. ನಾ ಹಿಂದ ಬಿದ್ದೆ ಅಂತ ನನ್ನ ಸಲುವಾಗಿ ಹೊಳ್ಳಿ ಬಂದಿ," ಅಂದೆ.

ಅಕ್ಕ ಹುಬ್ಬು ಗಂಟು ಹಾಕಿ ಸ್ವಲ್ಪ ಹೊತ್ತು ಯೋಚಿಸಿದಳು. ನಾಟಕವಲ್ಲ, ನಿಜವಾಗಿ ಹುಡುಕುತ್ತಿದ್ದಳು.

"ಹೊಳ್ಳಿ ಬಂದಿದ್ನಾ?... ಇಲ್ಲವ್ವಾ. ನನಗ ದಮ್ಮ ಸಾಲ್ಲಿಲ್ಲ. ತೂಕಾ ಜಾಸ್ತಿ ಇತ್ತಲ್ಲ ಆವಾಗ."

ಹೊಲದಲ್ಲಿ ಯಾರ ಸಾಲಿಗೆ ಯಾರು ಹೊಳ್ಳಿ ಬಂದರು ಎಂದು ಯಾರೂ ನೆನಪಿಡುವುದಿಲ್ಲ. ಹಾಗೆಯೇ ಅವಳು ಇದನ್ನೂ ಮರೆತಿದ್ದಳು. ಉಳಿದದ್ದು ಆ ಮನುಷ್ಯ ಎದ್ದು ಹೋಗುವಾಗ ಹೇಳಿದ ಮಾತು ಮಾತ್ರ. ಇಷ್ಟು ವರ್ಷ ಅದನ್ನೇ ಖರೇ ಎಂದುಕೊಂಡು ಬಾಳಿದ್ದಾಳೆ. ಅವಳು ಶಿಕ್ಷಕಿಯಾಗಲಿಲ್ಲ ಎಂಬುದನ್ನು ನಾನು ಹೇಗೋ ನುಂಗಿಕೊಂಡಿದ್ದೆ, ಇದನ್ನು ಹೇಗೆ ನುಂಗಲಿ?

ಮತ್ತೆ ಹೇಳಿದೆ. ಅವಳು ಮುಟ್ಟಿದ ಗೆರೆ, ನನ್ನ ಬೆನ್ನಿನ ಮೇಲಿನ ಕೈ, ಆ ಎರಡು ಓಟ, ಎಲ್ಲವನ್ನೂ ಬಿಡಿಸಿ ಬಿಡಿಸಿ ಹೇಳಿದೆ. ಹೇಳುತ್ತ ಹೇಳುತ್ತ ನಾನೇ ಅತ್ತೆ. ಅಕ್ಕ ಸೆರಗಿನಿಂದ ನನ್ನ ಕಣ್ಣು ಒರೆಸಿ, ಗದ್ದ ಹಿಡಿದು ನಕ್ಕಳು.

"ನಿನಗ ಮೊದಲಿಂದಾನೂ ನನ್ನ ಮ್ಯಾಲ ಭಾಳ ಜೀವ. ಅದಕ್ಕ ಹಿಂಗ ಹೇಳ್ತಿ," ಅಂದಳು.

ಅವಳು ನಂಬಲಿಲ್ಲ.